ಬೆಳಗ್ಗೆ ಎದುರಾಗುವ ಎದುರಾಳಿ

2003ರ ಫೆಬ್ರುವರಿ. ಅಮೆರಿಕದ ಯಾವುದೇ ಕಾಲೇಜಿನ ಹಾಸ್ಟೆಲ್ ಅಂದುಕೊಳ್ಳಿ, ಅವರ ಬಾಯಲ್ಲಿ ಅದು ಡಾರ್ಮ್. ರಾತ್ರಿ ಹನ್ನೊಂದು ದಾಟಿದೆ, ಕಿಟಕಿಯ ಹೊರಗೆ ಹಿಮ. ಕೋಣೆಗೆ ಇಬ್ಬರು, ಮೇಜಿಗೊಂದು ಕಂಪ್ಯೂಟರ್. ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ, ಇರಾಕ್ ಅಸ್ತ್ರಗಳನ್ನು ಅಡಗಿಸಿಟ್ಟಿದೆ ಎಂದು ವಾದಿಸುತ್ತಾ, ಬೆರಳುಗಳ ನಡುವೆ ಪುಟ್ಟ ಸೀಸೆಯೊಂದನ್ನು ಹಿಡಿದು, ಇಷ್ಟು ಆಂಥ್ರಾಕ್ಸ್ ಪುಡಿ ಏನು ಮಾಡಬಲ್ಲದು ಎಂದು ವಿವರಿಸಿದ ದಿನ ಅದು. ಮೂರನೇ ಮಹಡಿಯ ಹುಡುಗನೊಬ್ಬ ಕಟ್ಟಡದಲ್ಲಿರುವ ಅಷ್ಟೂ ಜನರಿಗೆ ಒಂದು ಇಮೇಲ್ ಬರೆಯುತ್ತಾನೆ: ಇರಾಕ್ ಮೇಲೆ ಯುದ್ಧ ಮಾಡಲೇಬೇಕು, ಇಲ್ಲವಾದರೆ ಮುಂದೆ ಪಶ್ಚಾತ್ತಾಪ ಪಡಬೇಕಾಗುತ್ತದೆ. ಹತ್ತು ನಿಮಿಷದಲ್ಲಿ ಮೊದಲ ಮಹಡಿಯಿಂದ ಉತ್ತರ ಬರುತ್ತದೆ. ಮಧ್ಯರಾತ್ರಿಯ ಹೊತ್ತಿಗೆ ಪತ್ರಗಳ ರಾಶಿ. ಒಬ್ಬಳು ವಿಶ್ವಸಂಸ್ಥೆಯ ಗೊತ್ತುವಳಿಯ ಸಾಲುಗಳನ್ನೇ ಎತ್ತಿ ಹಾಕಿದ್ದಾಳೆ, ಇನ್ನೊಬ್ಬ ಹಿಟ್ಲರ್‌ಗೆ ಮಣಿದ 1938ರ ಮ್ಯೂನಿಕ್ ಒಪ್ಪಂದವನ್ನು ನೆನಪಿಸಿದ್ದಾನೆ, ಮತ್ತೊಬ್ಬ ‘ನಾಳೆ ನನಗೆ ಪರೀಕ್ಷೆ ಇದೆ, ದಯವಿಟ್ಟು ಇದನ್ನು ಬೇರೆ ಕಡೆ ಮಾಡಿ’ ಎಂದು ಬೇಡಿಕೊಂಡಿದ್ದಾನೆ.

ಆ ಚಳಿಗಾಲದಲ್ಲಿ ಅಮೆರಿಕದ ಎಷ್ಟೋ ಕ್ಯಾಂಪಸ್‌ಗಳಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. ಬೀದಿಯ ಮೆರವಣಿಗೆಗಳ ಫೋಟೊಗಳು ಪತ್ರಿಕೆಗಳಲ್ಲಿ ಬಂದವು, ನಮಗೂ ನೆನಪಿವೆ. ಒಂದೇ ಸೂರಿನಡಿ ಇದ್ದವರ ನಡುವೆ, ರಾತ್ರಿಯೆಲ್ಲ ಕೀಲಿಮಣೆಯ ಮೇಲೆ ನಡೆದ ಈ ಜಗಳದ ಕಥೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅದು ಹೇಗೆ ನಡೆಯುತ್ತಿತ್ತು, ಏಕೆ ಅಷ್ಟು ಬಿಸಿಯಾಗುತ್ತಿತ್ತು, ಆಮೇಲೆ ಏನಾಯಿತು ಎಂಬುದನ್ನು ತಿಳಿದರೆ ಒಂದು ದೇಶದ ಯುವಜನ ಯುದ್ಧದ ಬಗ್ಗೆ ಹೇಗೆ ಯೋಚಿಸುತ್ತಾರೆ ಎಂಬುದೂ ತಿಳಿಯುತ್ತದೆ.

ದಿಂಬಿಗೊಂದು ಪೋರ್ಟ್

ಫೇಸ್‌ಬುಕ್ ಹಾರ್ವರ್ಡ್‌ನ ಡಾರ್ಮ್ ಕೋಣೆಯೊಂದರಲ್ಲಿ ಶುರುವಾದದ್ದು 2004ರ ಫೆಬ್ರುವರಿಯಲ್ಲಿ. ಇರಾಕ್ ಯುದ್ಧದ ಚರ್ಚೆ ಕಾವೇರಿದ್ದು ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು. ಆಗ ವಾಟ್ಸ್‌ಆ್ಯಪ್ ಇಲ್ಲ, ಟ್ವಿಟರ್ ಇಲ್ಲ. ಕಾಲೇಜು ಹುಡುಗರ ಊಟದ ಗುಂಪು, ಕಳೆದುಹೋದ ಕೋಟಿನ ಹುಡುಕಾಟ, ಸಿನಿಮಾ ಟಿಕೆಟ್, ಪ್ರೇಮ, ಮುನಿಸು ಎಲ್ಲವೂ ಇಮೇಲ್ ಮೂಲಕವೇ ಸಾಗುತ್ತಿತ್ತು.

ಅಮೆರಿಕದ ಕಾಲೇಜುಗಳು ಈ ಮಟ್ಟಿಗೆ ಬಹಳ ಬೇಗ ತಯಾರಾಗಿದ್ದವು. ಡಾರ್ಟ್‌ಮತ್ ಕಾಲೇಜು 1988ರಲ್ಲೇ ಬ್ಲಿಟ್ಸ್‌ಮೇಲ್ ಎಂಬ ತನ್ನದೇ ಇಮೇಲ್ ವ್ಯವಸ್ಥೆ ಕಟ್ಟಿಕೊಂಡಿತ್ತು. ಅಲ್ಲಿ ‘ಫೋನ್ ಮಾಡು’ ಎನ್ನುವ ಬದಲು ‘ಬ್ಲಿಟ್ಸ್ ಮಾಡು’ ಎನ್ನುವುದೇ ರೂಢಿಯಾಯಿತು. ತೊಂಬತ್ತರ ದಶಕದಲ್ಲಿ ವಿಶ್ವವಿದ್ಯಾಲಯಗಳು ಡಾರ್ಮ್ ಕೋಣೆಗಳಿಗೆ ಇಂಟರ್‌ನೆಟ್ ತಂತಿ ಎಳೆಯುವಾಗ ‘ದಿಂಬಿಗೊಂದು ಪೋರ್ಟ್’ ಎಂಬ ಮಾತು ಚಾಲ್ತಿಯಲ್ಲಿತ್ತು. ಹಾಸಿಗೆ ಎಷ್ಟೋ ಅಷ್ಟು ಸಂಪರ್ಕ ಎಂದರ್ಥ.

ಇದರ ಜೊತೆಗೆ ಪ್ರತಿ ಕಟ್ಟಡಕ್ಕೂ, ಕೆಲವೆಡೆ ಪ್ರತಿ ಮಹಡಿಗೂ ಒಂದು ಸಾಮೂಹಿಕ ವಿಳಾಸ ಇರುತ್ತಿತ್ತು. ಆ ಒಂದು ವಿಳಾಸಕ್ಕೆ ಬರೆದರೆ ಸಾಕು, ಅಲ್ಲಿ ವಾಸವಿರುವ ಎಲ್ಲರ ಪೆಟ್ಟಿಗೆಗೂ ಪತ್ರ ಹೋಗಿ ಬೀಳುತ್ತಿತ್ತು. ನೀರು ನಿಲ್ಲುವ ಸಮಯ, ಬೆಂಕಿ ಅಣಕು ತಾಲೀಮು, ಶುಕ್ರವಾರದ ಪಿಜ್ಜಾ ಇಂಥ ವಿಷಯಗಳಿಗೆಂದು ಮಾಡಿದ ವ್ಯವಸ್ಥೆ ಅದು. ಯುದ್ಧದ ಮಾತು ಬಂದು ಸೇರಿದ್ದು ಈ ಪಿಜ್ಜಾ ಪ್ರಕಟಣೆಗಳ ಮಧ್ಯಕ್ಕೆ.

ಅದರಿಂದಲೇ ಮೊದಲ ತಕರಾರು ಹುಟ್ಟುತ್ತಿದ್ದದ್ದೂ. ಚರ್ಚಾ ಸಭೆಗೆ ಹೋಗುವವರು ಮನಸ್ಸಿದ್ದು ಹೋಗುತ್ತಾರೆ. ಇಲ್ಲಿ ಹಾಗಲ್ಲ. ಕಟ್ಟಡದಲ್ಲಿ ಕೋಣೆ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಪ್ರತಿಯೊಬ್ಬರೂ ಶ್ರೋತೃಗಳು. ಹಾಗಾಗಿ ಯುದ್ಧ ಸರಿಯೋ ತಪ್ಪೋ ಎಂಬ ವಾದದ ಪಕ್ಕದಲ್ಲೇ, ಇದನ್ನು ಇಲ್ಲಿ ಮಾತನಾಡಬಹುದೇ ಎಂಬ ಇನ್ನೊಂದು ವಾದ ಬೆಳೆಯುತ್ತಿತ್ತು. ಕೊನೆಗೆ ಯಾರೋ ಆಸಕ್ತರಿಗೆಂದು ಬೇರೆ ವಿಳಾಸ ಮಾಡುತ್ತಿದ್ದರು. ಅಲ್ಲಿಗೆ ಹೋದ ಮೇಲೆ ಹೊಡೆದಾಟದ ಕಸುವೇ ಹೋಗುತ್ತಿತ್ತು, ಏಕೆಂದರೆ ಒಪ್ಪಿಸಬೇಕಾದ ಜನ, ಅಂದರೆ ಇನ್ನೂ ಏನನ್ನೂ ತೀರ್ಮಾನಿಸದವರು, ಹಳೆಯ ವಿಳಾಸದಲ್ಲೇ ಉಳಿದಿರುತ್ತಿದ್ದರು.

ಆನ್ ಆರ್ಬರ್‌ನ ಒಂದು ರಾತ್ರಿ

ಕ್ಯಾಂಪಸ್‌ನಲ್ಲಿ ಯುದ್ಧದ ಚರ್ಚೆಗೆ ಇಮೇಲ್‌ಗಿಂತ ಹಳೆಯ ಪರಂಪರೆಯಿದೆ. 1965ರ ಮಾರ್ಚ್ 8ರಂದು ಅಮೆರಿಕದ ಮರೀನ್ ಪಡೆಗಳು ವಿಯೆಟ್ನಾಂನ ಡ ನಾಂಗ್‌ನಲ್ಲಿ ಇಳಿದವು. ಎರಡೇ ವಾರದಲ್ಲಿ ಆನ್ ಆರ್ಬರ್ ಊರಿನ ಮಿಷಿಗನ್ ವಿಶ್ವವಿದ್ಯಾಲಯದ ಅಧ್ಯಾಪಕರು ತರಗತಿ ಬಹಿಷ್ಕರಿಸಲು ಹೊರಟರು. ಆಡಳಿತ, ಶಾಸಕರು ಕೆಂಡವಾದರು. ಆಗ ಮಾನವಶಾಸ್ತ್ರಜ್ಞ ಮಾರ್ಷಲ್ ಸಾಲಿನ್ಸ್ ಬೇರೆ ದಾರಿ ಸೂಚಿಸಿದರು: ಪಾಠ ನಿಲ್ಲಿಸುವುದು ಬೇಡ, ರಾತ್ರಿಯಿಡೀ ಪಾಠ ಮಾಡೋಣ.

ಮಾರ್ಚ್ 24ರ ಸಂಜೆ ಏಂಜೆಲ್ ಹಾಲ್ ಕಟ್ಟಡಕ್ಕೆ ಸುಮಾರು 3,000 ಜನ ಬಂದರು. ಆ ಕಾಲದಲ್ಲಿ ಡಾರ್ಮ್‌ನ ಹುಡುಗಿಯರು ಇಂತಿಷ್ಟು ಹೊತ್ತಿಗೆ ಒಳಗಿರಬೇಕೆಂಬ ನಿಯಮವಿತ್ತು. ಆ ಒಂದು ರಾತ್ರಿಗೆ ಅದನ್ನು ಸಡಿಲಿಸಿದರು. ನಡುವೆ ಬಾಂಬ್ ಬೆದರಿಕೆ ಬಂತು, ಎಲ್ಲರನ್ನೂ ಕೊರೆಯುವ ಚಳಿಗೆ ಹೊರಗೆ ಕಳಿಸಬೇಕಾಯಿತು. ಹುಡುಗರು ಅಲ್ಲೇ ನಿಂತು ಮಾತು ಮುಂದುವರಿಸಿ, ಮತ್ತೆ ಒಳಗೆ ಹೋಗಿ ಬೆಳಗಿನ ತನಕ ಕೂತರು. ಯುದ್ಧದ ಪರ ಇದ್ದವರೂ ಬಂದಿದ್ದರು, ಪ್ರಶ್ನೆ ಕೇಳಿದರು. ‘ಟೀಚ್-ಇನ್’ ಎಂದು ಹೆಸರಾದ ಈ ಪದ್ಧತಿ ಕೆಲವೇ ವಾರಗಳಲ್ಲಿ ದೇಶದ ಹತ್ತಾರು ಕ್ಯಾಂಪಸ್‌ಗಳಿಗೆ ಹಬ್ಬಿತು.

ವಿಯೆಟ್ನಾಂ ಎಂದರೆ ಯುವಜನರೆಲ್ಲ ಯುದ್ಧ ವಿರೋಧಿಗಳು, ಹಿರಿಯರೆಲ್ಲ ಪರ ಎಂಬ ಚಿತ್ರ ನಮ್ಮ ತಲೆಯಲ್ಲಿದೆ. ಅದು ನಿಜವಲ್ಲ. ಆ ವರ್ಷಗಳ ಗ್ಯಾಲಪ್ ಸಮೀಕ್ಷೆಗಳಲ್ಲಿ ಯುದ್ಧಕ್ಕೆ ಹೆಚ್ಚು ಬೆಂಬಲ ಕೊಟ್ಟವರು 30ರ ಒಳಗಿನವರು, ಕಡಿಮೆ ಬೆಂಬಲ ಕೊಟ್ಟವರು 50 ದಾಟಿದವರು. ಅಂದರೆ ಡಾರ್ಮ್ ಎಂದೂ ಒಂದೇ ದನಿಯ ಜಾಗವಾಗಿರಲಿಲ್ಲ. ಗದ್ದಲ ಮಾಡಿದವರು ಒಂದು ಕಡೆಯವರಾಗಿದ್ದರು, ಅಷ್ಟೇ.

ಹುಟ್ಟಿದ ದಿನದ ಲಾಟರಿ

ಆ ಪೀಳಿಗೆಯ ವಾದಕ್ಕೆ 2003ರವರಿಗೆ ಇಲ್ಲದ ಒಂದು ತೂಕವಿತ್ತು. ಅವರು ಹೋಗಬೇಕಾಗಬಹುದಿತ್ತು.

ಕಡ್ಡಾಯ ಸೇನಾ ಭರ್ತಿ ಜಾರಿಯಲ್ಲಿದ್ದ ಕಾಲ ಅದು. ಕಾಲೇಜಿನಲ್ಲಿ ಓದುತ್ತಿದ್ದವರಿಗೆ ‘2-ಎಸ್’ ಎಂಬ ವಿನಾಯಿತಿ ಸಿಗುತ್ತಿತ್ತು. 1966ರಲ್ಲಿ ಅದಕ್ಕೂ ಕತ್ತರಿ ಬಿತ್ತು. ತರಗತಿಯಲ್ಲಿ ಎಷ್ಟನೇ ಸ್ಥಾನ, ಅರ್ಹತಾ ಪರೀಕ್ಷೆಯಲ್ಲಿ ಎಷ್ಟು ಅಂಕ ಎಂಬುದನ್ನು ಸ್ಥಳೀಯ ಭರ್ತಿ ಮಂಡಳಿಗಳು ನೋಡತೊಡಗಿದವು. ಅಧ್ಯಾಪಕರು ಉತ್ತರಪತ್ರಿಕೆಯ ಮೇಲೆ ಅಂಕ ಹಾಕುವಾಗ ಕೈ ತಡೆಯುವಂಥ ಪರಿಸ್ಥಿತಿ. ಕಡಿಮೆ ಅಂಕ ಬಿದ್ದ ಹುಡುಗ ಮುಂದಿನ ವರ್ಷ ತರಗತಿಯಲ್ಲಿ ಇರದೆ ಕಾಡಿನಲ್ಲಿ ಬಂದೂಕು ಹಿಡಿದಿರಬಹುದಿತ್ತು.

1969ರ ಡಿಸೆಂಬರ್ 1ರ ರಾತ್ರಿ ಲಾಟರಿ ನಡೆಯಿತು. ವರ್ಷದ ಒಂದೊಂದು ದಿನಾಂಕವನ್ನೂ ಚೀಟಿಯಲ್ಲಿ ಬರೆದು 366 ನೀಲಿ ಪ್ಲಾಸ್ಟಿಕ್ ಗುಳಿಗೆಗಳೊಳಗೆ ಇಟ್ಟಿದ್ದರು. ಒಂದೊಂದೇ ಗುಳಿಗೆ ಎತ್ತುವುದನ್ನು ಟಿ.ವಿ.ಯಲ್ಲಿ ನೇರವಾಗಿ ತೋರಿಸಿದರು, ಡಾರ್ಮ್‌ಗಳ ಹಾಲ್‌ನಲ್ಲಿ ಹುಡುಗರು ಒತ್ತಿಕೊಂಡು ಕೂತು ನೋಡಿದರು. ಮೊದಲು ಬಂದದ್ದು ಸೆಪ್ಟೆಂಬರ್ 14. ಕೊನೆಯದು ಜೂನ್ 8. ಸೆಪ್ಟೆಂಬರ್ 14ರಂದು ಹುಟ್ಟಿದವನಿಗೆ ಕರೆ ಬರುವುದು ಖಚಿತ, ಜೂನ್ 8ರವನು ನಿಶ್ಚಿಂತ. ಆ ಸುತ್ತಿನಲ್ಲಿ ಕೊನೆಗೆ ಕರೆ ಹೋದದ್ದು 195ನೇ ಸಂಖ್ಯೆಯವರೆಗೆ. ಗುಳಿಗೆಗಳನ್ನು ಸರಿಯಾಗಿ ಕಲಸಿರಲಿಲ್ಲ, ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರಿಗೆ ಅನ್ಯಾಯವಾಯಿತು ಎಂದು ಸಂಖ್ಯಾಶಾಸ್ತ್ರಜ್ಞರು ಆಮೇಲೆ ತೋರಿಸಿಕೊಟ್ಟರು.

ಮುಂದಿನ ವರ್ಷ ಜಗಳ ರಕ್ತ ಕಂಡಿತು. 1970ರ ಮೇ 4ರಂದು ಒಹಾಯೊದ ಕೆಂಟ್ ಸ್ಟೇಟ್‌ನಲ್ಲಿ ಯುದ್ಧ ವಿರೋಧಿ ಪ್ರತಿಭಟನೆಯ ವೇಳೆ ನ್ಯಾಷನಲ್ ಗಾರ್ಡ್ ಯೋಧರು 13 ಸೆಕೆಂಡುಗಳಲ್ಲಿ 67 ಗುಂಡು ಹಾರಿಸಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದರು. ಅದಾಗಿ ಎರಡು ವಾರವೂ ಕಳೆದಿರಲಿಲ್ಲ, ಮಿಸಿಸಿಪ್ಪಿಯ ಜಾಕ್ಸನ್ ಸ್ಟೇಟ್‌ನಲ್ಲಿ ಪೊಲೀಸರು ಅಲೆಕ್ಸಾಂಡರ್ ಹಾಲ್ ಎಂಬ ಹುಡುಗಿಯರ ಹಾಸ್ಟೆಲ್ ಕಡೆಗೇ ಗುಂಡಿನ ಮಳೆಗರೆದರು. ಇಬ್ಬರು ಸತ್ತರು. ಅದು ಕರಿಯ ವಿದ್ಯಾರ್ಥಿಗಳ ಕಾಲೇಜು. ಕೆಂಟ್ ಸ್ಟೇಟ್ ಎಲ್ಲರಿಗೂ ನೆನಪಿದೆ, ಜಾಕ್ಸನ್ ಸ್ಟೇಟ್ ಬಹಳ ಮಂದಿಗೆ ಗೊತ್ತೇ ಇಲ್ಲ. ಈ ವ್ಯತ್ಯಾಸ ಇಂದಿಗೂ ನೋಯಿಸುವಂಥದ್ದು.

ಹದಿನೆಂಟಕ್ಕೆ ಯುದ್ಧಕ್ಕೆ ಕಳಿಸಬಹುದಾದರೆ ಮತ ಹಾಕಲು ಇಪ್ಪತ್ತೊಂದರವರೆಗೆ ಏಕೆ ಕಾಯಬೇಕು ಎಂಬ ಪ್ರಶ್ನೆಗೆ ಉತ್ತರವಾಗಿ 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಬಂತು. 1973ರಲ್ಲಿ ಕಡ್ಡಾಯ ಭರ್ತಿ ನಿಂತಿತು. ಅಲ್ಲಿಂದ ಮುಂದೆ ಅಮೆರಿಕದ ಸೈನ್ಯಕ್ಕೆ ಸೇರುವವರು ತಾವಾಗಿ ಸೇರುವವರು ಮಾತ್ರ.

ಹೋಗಬೇಕಾಗಿಲ್ಲದವರು

ಹಾಗಾಗಿ 2003ರ ಡಾರ್ಮ್‌ನಲ್ಲಿ ಬಹುತೇಕ ಹುಡುಗ ಹುಡುಗಿಯರು ತಾವು ಹೋಗಬೇಕಾಗಿಲ್ಲದ ಯುದ್ಧದ ಬಗ್ಗೆ ವಾದಿಸುತ್ತಿದ್ದರು. ಯುದ್ಧ ಮಾಡುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಡುವ ನಿರ್ಣಯವನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ 2002ರ ಅಕ್ಟೋಬರ್‌ನಲ್ಲೇ ಅಂಗೀಕರಿಸಿತ್ತು. ಕೆಳಮನೆಯಲ್ಲಿ 296–133, ಸೆನೆಟ್‌ನಲ್ಲಿ 77–23. ನವೆಂಬರ್‌ನಲ್ಲಿ ಭದ್ರತಾ ಮಂಡಳಿ, ಅಸ್ತ್ರ ತ್ಯಜಿಸಲು ಇರಾಕ್‌ಗೆ ಕೊನೆಯ ಅವಕಾಶ ಕೊಡುವ 1441ನೇ ಗೊತ್ತುವಳಿಯನ್ನು ಒಮ್ಮತದಿಂದ ಒಪ್ಪಿತ್ತು. ಅದೇ ಯುದ್ಧಕ್ಕೆ ಅನುಮತಿಯೇ, ಅಥವಾ ಇನ್ನೊಂದು ಗೊತ್ತುವಳಿ ಬೇಕೇ ಎಂಬುದು ಆ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಪ್ರಶ್ನೆ. ಇರಾಕ್‌ನಲ್ಲಿ ಅಸ್ತ್ರ ಹುಡುಕುತ್ತಿದ್ದ ವಿಶ್ವಸಂಸ್ಥೆಯ ಹ್ಯಾನ್ಸ್ ಬ್ಲಿಕ್ಸ್ ತಂಡದ ತಪಾಸಣೆಗೆ ಇನ್ನಷ್ಟು ಸಮಯ ಕೊಡಬೇಕೇ ಎಂಬುದು ಮತ್ತೊಂದು.

ಫೆಬ್ರುವರಿ 15ರಂದು ಜಗತ್ತಿನಾದ್ಯಂತ ಮೆರವಣಿಗೆಗಳು ನಡೆದವು. ಮಾರ್ಚ್ 5ರಂದು ‘ಬಾಂಬ್ ಬೇಡ, ಪುಸ್ತಕ ಬೇಕು’ ಎಂದು ನೂರಾರು ಕ್ಯಾಂಪಸ್‌ಗಳಲ್ಲಿ ವಿದ್ಯಾರ್ಥಿಗಳು ತರಗತಿಯಿಂದ ಹೊರಬಂದರು. ಎರಡು ವಾರದ ಬಳಿಕ ಯುದ್ಧ ಶುರುವಾಯಿತು. ಗ್ಯಾಲಪ್ ಸಮೀಕ್ಷೆಯಲ್ಲಿ ಆಗ ಶೇ 72ರಷ್ಟು ಅಮೆರಿಕನ್ನರು ಅದನ್ನು ಬೆಂಬಲಿಸಿದ್ದರು.

ಹೋಗಬೇಕಾಗಿಲ್ಲದವರು ಎಂದೆ. ಆದರೆ ಎಲ್ಲರೂ ಅಲ್ಲ. ಓದಿನ ಖರ್ಚಿಗಾಗಿ ನ್ಯಾಷನಲ್ ಗಾರ್ಡ್ ಇಲ್ಲವೇ ಮೀಸಲು ಪಡೆ ಸೇರಿದ ಮಕ್ಕಳು ಪ್ರತಿ ಕಾಲೇಜಿನಲ್ಲೂ ಇದ್ದರು. ಅಧಿಕಾರಿ ತರಬೇತಿಯ ಆರ್‌ಒಟಿಸಿ ವಿದ್ಯಾರ್ಥಿಗಳೂ ಇದ್ದರು. ಹಾರ್ವರ್ಡ್ ವಿಯೆಟ್ನಾಂ ಕಾಲದ ಸಿಟ್ಟಿನಲ್ಲಿ ಆ ತರಬೇತಿಯನ್ನು ತನ್ನ ಆವರಣದಿಂದ ಹೊರಗಿಟ್ಟಿದ್ದರಿಂದ ಅಲ್ಲಿನ ವಿದ್ಯಾರ್ಥಿಗಳು ಪಕ್ಕದ ಎಂಐಟಿಗೆ ಹೋಗಿ ಕವಾಯತು ಮಾಡಿ ಬರಬೇಕಿತ್ತು. 2011ರವರೆಗೂ ಆ ನಿಷೇಧ ಇತ್ತು. ಸೆಮಿಸ್ಟರ್ ಮಧ್ಯದಲ್ಲಿ ಕರೆ ಬಂದವರು ಪುಸ್ತಕ ಮುಚ್ಚಿಟ್ಟು ಹೊರಟರು. ಅವರ ಶುಲ್ಕ, ಸಾಲ, ಅರ್ಧಕ್ಕೆ ನಿಂತ ಅಂಕಗಳ ಗತಿ ಏನು ಎಂಬ ಗೊಂದಲ ಎಷ್ಟು ಬೆಳೆಯಿತೆಂದರೆ, ಅದೇ ವರ್ಷ ‘ಹೀರೋಸ್’ ಎಂಬ ಹೆಸರಿನ ಕಾಯ್ದೆಯನ್ನೇ ತರಬೇಕಾಯಿತು.

ಡಾರ್ಮ್‌ನ ಚರ್ಚೆಗೆ ಬೆಲೆ ಬರುತ್ತಿದ್ದದ್ದು ಇಂಥವರಿಂದ ಎಂದು ನನ್ನ ನಂಬಿಕೆ. ಬೀದಿ ಮೆರವಣಿಗೆಯಲ್ಲಿ ಎದುರಾಳಿ ದೂರದ ರಾಜಧಾನಿಯಲ್ಲಿರುತ್ತಾನೆ. ಟಿ.ವಿ. ಚರ್ಚೆಯಲ್ಲಿ ಅವನು ಪರದೆಯೊಳಗೆ. ಇಲ್ಲಿ ಅವನು ಎರಡು ಬಾಗಿಲು ಆಚೆ ಇದ್ದಾನೆ, ಬೆಳಗ್ಗೆ ಎಂಟಕ್ಕೆ ಅದೇ ಬಚ್ಚಲಿನ ಮುಂದೆ ಟೂತ್‌ಬ್ರಷ್ ಹಿಡಿದು ನಿಂತಿರುತ್ತಾನೆ. ಪತ್ರದ ಕೆಳಗೆ ಅವನ ಹೆಸರಿದೆ. ರಾತ್ರಿ ಎರಡು ಗಂಟೆಗೆ ‘ಸೈನ್ಯಕ್ಕೆ ಸೇರುವವರಿಗೆಲ್ಲ ಬುದ್ಧಿಯಿಲ್ಲ’ ಎಂದು ಬರೆದವನಿಗೆ, ಅದನ್ನು ಓದಿದ ಕೆಡೆಟ್ ತಿಂಡಿಯ ಮೇಜಿನಲ್ಲಿ ಎದುರು ಕೂರುತ್ತಾನೆ ಎಂಬುದು ಗೊತ್ತಿರುತ್ತಿತ್ತು. ‘ವಿರೋಧಿಸುವವರೆಲ್ಲ ದ್ರೋಹಿಗಳು’ ಎಂದವನಿಗೂ ಅಷ್ಟೇ.

ದನಿಯಿಲ್ಲದ ಮಾತು

ಹಾಗಿದ್ದೂ ಮಾತು ಏಕೆ ಕೆಡುತ್ತಿತ್ತು? ಇಮೇಲ್‌ನ ಸ್ವಭಾವವೇ ಅರ್ಧ ಕಾರಣ.

ಎದುರಿಗೆ ಕೂತು ಮಾತನಾಡುವಾಗ ದನಿ ಏರಿಳಿಯುತ್ತದೆ, ಹುಬ್ಬು ಮೇಲೇರುತ್ತದೆ, ಕೇಳುವವನ ಮುಖ ಬಾಡಿದರೆ ಹೇಳುವವನು ಮಾತು ತಿರುಗಿಸುತ್ತಾನೆ. ಪತ್ರದಲ್ಲಿ ಇದ್ಯಾವುದೂ ಇಲ್ಲ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಅಳೆದು ತೋರಿಸಿತು. ವಿದ್ಯಾರ್ಥಿಗಳಿಗೆ ಕೆಲವು ಮಾತುಗಳನ್ನು ಗಂಭೀರವಾಗಿ, ಕೆಲವನ್ನು ಕೊಂಕಾಗಿ ತಿಳಿಸಲು ಹೇಳಿದರು. ತಮ್ಮ ಇಮೇಲ್ ಓದಿದವರು ನೂರಕ್ಕೆ 78 ಸಲ ಸರಿಯಾಗಿ ಗುರುತಿಸುತ್ತಾರೆ ಎಂದು ಬರೆದವರು ಅಂದಾಜಿಸಿದ್ದರು. ಓದಿದವರು ಗುರುತಿಸಿದ್ದು 56 ಸಲ. ನಾಣ್ಯ ಚಿಮ್ಮಿದರೂ ಐವತ್ತು ಸಲ ಸರಿಯಾಗುತ್ತದೆ. ಬರೆಯುವಾಗ ನಮ್ಮ ಕಿವಿಗೆ ನಮ್ಮ ದನಿ ಕೇಳಿಸುತ್ತಿರುತ್ತದೆ, ಓದುವವನಿಗೆ ಅದು ಕೇಳಿಸುವುದಿಲ್ಲ ಎಂಬುದು ಹೊಳೆಯುವುದೇ ಇಲ್ಲ.

ಈ ತೊಂದರೆಯನ್ನು ಕ್ಯಾಂಪಸ್ಸಿಗರು ಮೊದಲೇ ಕಂಡಿದ್ದರು. 1982ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕೆಳಗೆ ಬೀಳುತ್ತಿರುವ ಲಿಫ್ಟ್‌ನಲ್ಲಿ ಪಾದರಸದ ಹನಿ ಏನಾಗುತ್ತದೆ ಎಂಬ ಭೌತಶಾಸ್ತ್ರದ ಒಗಟಿನಿಂದ ಹುಟ್ಟಿದ ತಮಾಷೆಯೊಂದನ್ನು ಕೆಲವರು ನಿಜವಾದ ಅಪಾಯದ ಎಚ್ಚರಿಕೆ ಎಂದೇ ತಿಳಿದುಬಿಟ್ಟರು. ತಮಾಷೆಗೆ ಗುರುತು ಇರಲಿ ಎಂದು ಅಲ್ಲಿನ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಫಾಲ್ಮನ್ ಸೆಪ್ಟೆಂಬರ್ 19ರಂದು ವಿರಾಮಚಿಹ್ನೆಗಳನ್ನು ಜೋಡಿಸಿ ಅಡ್ಡ ಮಲಗಿದ ನಗುಮುಖವೊಂದನ್ನು ಸೂಚಿಸಿದರು. ಇವತ್ತಿನ ನಮ್ಮ ಮೊಬೈಲ್ ಸ್ಮೈಲಿಗಳ ಅಜ್ಜ ಅದು.

ಇನ್ನೊಂದು ತೊಡಕು, ಸಾಲು ಸಾಲಾಗಿ ಉತ್ತರಿಸುವ ಪದ್ಧತಿ. ಎದುರಾಳಿಯ ಪತ್ರವನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿನ ಕೆಳಗೂ ಖಂಡನೆ ಬರೆಯುವುದು. ಓದಲು ಬಹಳ ಚುರುಕಾಗಿ ಕಾಣುತ್ತದೆ. ಆದರೆ ಅವನು ಒಟ್ಟಾರೆ ಹೇಳಹೊರಟದ್ದೇನು ಎಂಬುದು ನಾಲ್ಕನೇ ಸುತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಅಷ್ಟು ಹೊತ್ತಿಗೆ ಹಿಟ್ಲರ್ ಬಂದಿರುತ್ತಾನೆ. ಇಂಟರ್‌ನೆಟ್ ಚರ್ಚೆ ಬೆಳೆದಂತೆಲ್ಲ ಹಿಟ್ಲರ್ ಹೋಲಿಕೆ ಬಂದೇ ಬರುತ್ತದೆ ಎಂದು ಮೈಕ್ ಗಾಡ್ವಿನ್ 1990ರಲ್ಲೇ ಹೇಳಿದ್ದರು. ಇರಾಕ್‌ನ ಅಧ್ಯಕ್ಷ ಸದ್ದಾಂ ಹುಸೇನ್ ವಿಷಯದಲ್ಲಿ ಅದು ಬರಲು ನಾಲ್ಕು ಸುತ್ತೂ ಬೇಕಾಗುತ್ತಿರಲಿಲ್ಲ.

ಒಳ್ಳೆಯದೂ ಇತ್ತು. ಬರೆಯಬೇಕೆಂದರೆ ಓದಬೇಕು. ಇರಾಕ್‌ನ ನಕಾಶೆ, ಗೊತ್ತುವಳಿಯ ಪಠ್ಯ, 1991ರ ಕೊಲ್ಲಿ ಯುದ್ಧದ ಇತಿಹಾಸ ಇವನ್ನೆಲ್ಲ ಹತ್ತೊಂಬತ್ತರ ಮಕ್ಕಳು ವಾದದಲ್ಲಿ ಸೋಲಬಾರದೆಂಬ ಹಟಕ್ಕೇ ಓದಿಕೊಂಡರು. ಊಟದ ಮೇಜಿನಲ್ಲಿ ಬಾಯಿ ಬಿಡದ ಸಂಕೋಚದ ಹುಡುಗಿಯೂ ಪತ್ರದಲ್ಲಿ ನಾಲ್ಕು ಪುಟ ಬರೆಯಬಲ್ಲವಳಾಗಿದ್ದಳು.

ಬರೆಯದೆ ಉಳಿದವರು

2001–02ರ ಹೊತ್ತಿಗೆ ಅಮೆರಿಕಕ್ಕೆ ಅತಿ ಹೆಚ್ಚು ವಿದ್ಯಾರ್ಥಿಗಳನ್ನು ಕಳಿಸುವ ದೇಶ ಭಾರತವಾಗಿತ್ತು. ಮರುವರ್ಷ ಅವರ ಸಂಖ್ಯೆ ಸುಮಾರು 75 ಸಾವಿರ. ಅವರಲ್ಲಿ ನಮ್ಮ ಬೆಂಗಳೂರು, ಮೈಸೂರು, ಸುರತ್ಕಲ್, ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜುಗಳಿಂದ ಎಂ.ಎಸ್. ಓದಲು ಹೋದವರೂ ಇದ್ದರು. ಇವರು ಹೆಚ್ಚಾಗಿ ಕ್ಯಾಂಪಸ್ ಹೊರಗೆ ಮೂರು ನಾಲ್ಕು ಜನ ಸೇರಿ ಬಾಡಿಗೆ ಮನೆ ಹಿಡಿಯುವವರು. ಆದರೂ ವಿಭಾಗದ ಪತ್ರಗಳು ಇವರಿಗೂ ಬರುತ್ತಿದ್ದವು.

ಬರುತ್ತಿದ್ದವು, ಇವರು ಉತ್ತರಿಸುತ್ತಿದ್ದದ್ದು ಕಡಿಮೆ. ವಿದೇಶಿ ವಿದ್ಯಾರ್ಥಿಗಳ ಮೇಲೆ ಕಣ್ಣಿಡುವ ‘ಸೆವಿಸ್’ ಎಂಬ ಗಣಕ ವ್ಯವಸ್ಥೆ ಜಾರಿಗೆ ಬಂದದ್ದು ಆ 2003ರಲ್ಲೇ. ವಿಳಾಸ ಬದಲಾದರೆ, ಕೋರ್ಸ್ ಕೈಬಿಟ್ಟರೆ ಅದರಲ್ಲಿ ದಾಖಲಾಗಬೇಕಿತ್ತು. ರಾಜಕೀಯ ಅಭಿಪ್ರಾಯ ಅದರಲ್ಲಿ ದಾಖಲಾಗುತ್ತಿರಲಿಲ್ಲ, ನಿಜ. ಆದರೆ ವೀಸಾ ಮೇಲೆ ಇರುವವನ ಅಂಜಿಕೆ ನಿಯಮ ಓದಿ ಹುಟ್ಟುವಂಥದ್ದಲ್ಲ. 2001ರ ಸೆಪ್ಟೆಂಬರ್ ದಾಳಿಯಾಗಿ ನಾಲ್ಕೇ ದಿನಕ್ಕೆ ಅರಿಜೋನಾದಲ್ಲಿ ಬಲ್ಬೀರ್ ಸಿಂಗ್ ಸೋಧಿ ಎಂಬ ಸಿಖ್ಖರನ್ನು, ಪೇಟ ಕಂಡ ಮಾತ್ರಕ್ಕೆ, ಗುಂಡಿಟ್ಟು ಕೊಂದದ್ದು ಎಲ್ಲರ ನೆನಪಲ್ಲಿತ್ತು. ಕಾಲಿಂಗ್ ಕಾರ್ಡ್ ಉಜ್ಜಿ ಊರಿಗೆ ಫೋನ್ ಮಾಡಿದರೆ ಅಮ್ಮಂದಿರು ಹೇಳುತ್ತಿದ್ದದ್ದು ಒಂದೇ: ‘ಊರ ಉಸಾಬರಿ ನಿನಗ್ಯಾಕಪ್ಪಾ, ಸುಮ್ನೆ ಓದ್ಕೊಂಡಿರು.’ ಯುದ್ಧದ ಬಗ್ಗೆ ಹೊರಗಿನವರ ಕಣ್ಣಿನಿಂದ ಹೇಳಬಹುದಾಗಿದ್ದ ಎಷ್ಟೋ ಮಾತು ಹೀಗೆ ಅಲ್ಲಿನ ವಿದ್ಯಾರ್ಥಿಗಳಿಗೆ ಸಿಗದೇ ಹೋಯಿತು.

ಸಂಸತ್ತಿಗೆ ಹೋದ ವದಂತಿ

ವಿದ್ಯಾರ್ಥಿಗಳ ಇಮೇಲ್‌ಗಳು ಯುದ್ಧವನ್ನು ನಿಲ್ಲಿಸಲಿಲ್ಲ. ಆದರೆ ಒಮ್ಮೆ ಕಾಂಗ್ರೆಸ್ಸಿನಲ್ಲಿ ಮತದಾನವನ್ನೇ ಮಾಡಿಸಿದವು.

2003ರ ಜನವರಿಯಲ್ಲಿ ನ್ಯೂಯಾರ್ಕ್‌ನ ಡೆಮಾಕ್ರಟಿಕ್ ಸಂಸದ ಚಾರ್ಲ್ಸ್ ರೇಂಜಲ್ ಕಡ್ಡಾಯ ಭರ್ತಿ ಮರಳಿ ತರುವ ಮಸೂದೆ ಮಂಡಿಸಿದರು. ಸ್ವತಃ ಕೊರಿಯಾ ಯುದ್ಧದಲ್ಲಿ ಹೋರಾಡಿದವರು, ಇರಾಕ್ ಯುದ್ಧದ ವಿರೋಧಿ. ಸಿರಿವಂತರ, ಸಂಸದರ ಮಕ್ಕಳೂ ಹೋಗಬೇಕಾಗಿ ಬಂದರೆ ಯುದ್ಧದ ಮಾತು ಇಷ್ಟು ಸಲೀಸಾಗಿ ಬರುವುದಿಲ್ಲ ಎಂಬುದು ಅವರ ತರ್ಕ. ಮಸೂದೆ ಮೂಲೆಗೆ ಬಿತ್ತು. ಆದರೆ ಮರುವರ್ಷ, ಇರಾಕ್‌ನಲ್ಲಿ ಸಾವು ಹೆಚ್ಚುತ್ತಿದ್ದಾಗ, ಅದರ ಸಂಖ್ಯೆ ಸಮೇತ ಒಂದು ಇಮೇಲ್ ಕ್ಯಾಂಪಸ್‌ನಿಂದ ಕ್ಯಾಂಪಸ್‌ಗೆ ಹಾರಿತು: ಚುನಾವಣೆ ಮುಗಿದ ಕೂಡಲೇ ಹುಡುಗರನ್ನೂ ಹುಡುಗಿಯರನ್ನೂ ಸೈನ್ಯಕ್ಕೆ ಎಳೆಯುತ್ತಾರೆ, ಗುಟ್ಟಾಗಿ ತಯಾರಿ ನಡೆದಿದೆ. ಡಾರ್ಮ್‌ಗಳಲ್ಲಿ ದಿಗಿಲು ಹುಟ್ಟಿತು. ಎರಡು ವರ್ಷ ಯುದ್ಧದ ಬಗ್ಗೆ ಒಂದು ಸಾಲೂ ಬರೆಯದವರು ಈಗ ಬರೆದರು. ವದಂತಿಯನ್ನು ಕೊಲ್ಲಲೆಂದೇ ರಿಪಬ್ಲಿಕನ್ ನಾಯಕರು 2004ರ ಅಕ್ಟೋಬರ್ 5ರಂದು ಮಸೂದೆಯನ್ನು ಮತಕ್ಕೆ ಹಾಕಿದರು. ಅದು 402–2ರಿಂದ ಬಿದ್ದುಹೋಯಿತು. ಚುನಾವಣೆಗಾಗಿ ಆಡುತ್ತಿರುವ ಆಟ ಇದು ಎಂದು ರೇಂಜಲ್ ಅವರೇ ತಮ್ಮ ಮಸೂದೆಯ ವಿರುದ್ಧ ಮತ ಹಾಕಿದರು.

ಇಡೀ ಪ್ರಕರಣದಲ್ಲಿ ರೇಂಜಲ್ ಹೇಳಿದ್ದೇ ಸಾಬೀತಾಯಿತು ಎನ್ನಬೇಕು. ತನ್ನ ಹೆಸರಿಗೇ ಕರೆ ಬರಬಹುದೆಂಬ ಒಂದು ಸುಳ್ಳು ಸುದ್ದಿ ಮಾಡಿದ ಕೆಲಸವನ್ನು ಸಾವಿರ ವಾದಗಳು ಮಾಡಿರಲಿಲ್ಲ. ಅದೇ ತಿಂಗಳ ಹೊತ್ತಿಗೆ ಇರಾಕ್‌ನಲ್ಲಿ ಅಮೆರಿಕದ ಪರವಾಗಿ ಅಸ್ತ್ರಗಳನ್ನು ಹುಡುಕಿದ ಚಾರ್ಲ್ಸ್ ಡುಯೆಲ್ಫರ್ ಅವರ ವರದಿಯೂ ಹೊರಬಂದಿತ್ತು. ಪೊವೆಲ್ ಸೀಸೆ ತೋರಿಸಿ ಹೇಳಿದ್ದ ಅಸ್ತ್ರಗಳ ದಾಸ್ತಾನು ಇರಾಕ್‌ನಲ್ಲಿ ಇರಲೇ ಇಲ್ಲ.

ತನ್ನಂಥವರನ್ನೇ ಹುಡುಕಿ

ಆಮೇಲೆ ಚರ್ಚೆ ಕಟ್ಟಡ ಬಿಟ್ಟು ಹೊರಟಿತು. ಫೇಸ್‌ಬುಕ್ ಬಂತು, ಸ್ನೇಹಿತರನ್ನು ಆರಿಸಿಕೊಳ್ಳಬಹುದಾಯಿತು, ಬೇಡದವರನ್ನು ತೆಗೆಯಬಹುದಾಯಿತು. ಗಾಜಾ ಯುದ್ಧ ಶುರುವಾದ 2023ರಲ್ಲಿ ಕ್ಯಾಂಪಸ್‌ಗಳು ಮತ್ತೆ ಕುದಿದವು. ಆಗ ಬಹಳಷ್ಟು ಕಡೆ ಮಾತು ನಡೆದದ್ದು ಸೈಡ್‌ಚಾಟ್‌ನಂಥ ಆ್ಯಪ್‌ಗಳಲ್ಲಿ. ಅದರೊಳಗೆ ಹೋಗಲು ಕಾಲೇಜಿನ ಇಮೇಲ್ ವಿಳಾಸ ಬೇಕು, ಬರೆದವರ ಹೆಸರು ಮಾತ್ರ ಯಾರಿಗೂ ಕಾಣುವುದಿಲ್ಲ. ಯೆಹೂದಿ ದ್ವೇಷ, ಮುಸ್ಲಿಂ ದ್ವೇಷ ಎರಡೂ ಅಲ್ಲಿ ಯಾರ ಅಂಜಿಕೆಯೂ ಇಲ್ಲದೆ ಹರಿದವು. ಜೊತೆಯಲ್ಲಿರುವವರೇ ಬರೆದಿದ್ದಾರೆ ಎಂದು ಗೊತ್ತು, ಯಾರೆಂದು ಗೊತ್ತಿಲ್ಲ. ಹೆಸರಿದ್ದ ಜಗಳಕ್ಕಿಂತ ಇದು ಎಷ್ಟೋ ಪಾಲು ಕ್ರೂರವಾದದ್ದು.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗಿತ್ತು. ಹಿಂದೆ ಯಾರ ಜೊತೆ ಕೋಣೆ ಎಂಬುದನ್ನು ಕಾಲೇಜು ತೀರ್ಮಾನಿಸುತ್ತಿತ್ತು. ಸೋಷಿಯಲ್ ಮೀಡಿಯಾ ಬಂದ ಮೇಲೆ ಮಕ್ಕಳು ಕಾಲೇಜಿಗೆ ಕಾಲಿಡುವ ಮೊದಲೇ ತಮ್ಮಂಥವರನ್ನೇ ಹುಡುಕಿ ರೂಮ್‌ಮೇಟ್ ಮಾಡಿಕೊಳ್ಳತೊಡಗಿದರು. ಅದೇ ಅಭಿಪ್ರಾಯ, ಅದೇ ಊರು, ಅದೇ ಮಟ್ಟದ ಸಂಸಾರ. ಕೋಣೆಯೊಳಗೆ ಭಿನ್ನಾಭಿಪ್ರಾಯಕ್ಕೆ ಜಾಗವೇ ಉಳಿಯಲಿಲ್ಲ. ಯಾರು ಯಾರ ಜೊತೆ ಇರುತ್ತಾರೆ ಎಂಬುದು ಅಭಿಪ್ರಾಯವನ್ನು ಬದಲಿಸುತ್ತದೆಯೇ ಎಂದು ಅರ್ಥಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದ್ದಾರೆ. 2006ರ ಒಂದು ಅಧ್ಯಯನದ ಪ್ರಕಾರ, ಕಾಲೇಜು ತಾನಾಗಿ ಕರಿಯ ರೂಮ್‌ಮೇಟ್ ಕೊಟ್ಟ ಬಿಳಿಯ ವಿದ್ಯಾರ್ಥಿಗಳಲ್ಲಿ, ಹಿಂದುಳಿದ ಸಮುದಾಯಗಳಿಗೆ ಪ್ರವೇಶದಲ್ಲಿ ಆದ್ಯತೆ ಕೊಡುವ ನೀತಿಗೆ ಬೆಂಬಲ ಹೆಚ್ಚಿತ್ತು.

ಡ್ಯೂಕ್ ವಿಶ್ವವಿದ್ಯಾಲಯ 2018ರಲ್ಲಿ ಹೊಸಬರು ರೂಮ್‌ಮೇಟ್ ಆರಿಸಿಕೊಳ್ಳುವುದನ್ನೇ ನಿಲ್ಲಿಸಿ ಹಳೆಯ ಪದ್ಧತಿಗೆ ಮರಳಿತು. ತಂದೆ ತಾಯಂದಿರಲ್ಲಿ ಕೆಲವರು ಗೊಣಗಿದರು. ನನಗೆ ಅದು ಈ ಎರಡು ದಶಕಗಳಲ್ಲಿ ಅಮೆರಿಕದ ಕಾಲೇಜೊಂದು ತೆಗೆದುಕೊಂಡ ಅತ್ಯಂತ ವಿವೇಕದ ನಿರ್ಧಾರಗಳಲ್ಲಿ ಒಂದು ಅನ್ನಿಸುತ್ತದೆ. ಆದರೆ ಆ ನಿಯಮ ಮೊದಲ ವರ್ಷದವರಿಗೆ ಮಾತ್ರ. ಎರಡನೇ ವರ್ಷದಿಂದ ಯಾರ ಜೊತೆ ಇರಬೇಕೆಂಬುದು ಮತ್ತೆ ಅವರವರ ಇಷ್ಟ.